ಅರ್ತ್ ಸ್ಕ್ರೂವಿನ ಕೆಳಗೆ

"ಟಾರ್ಚ್ ಸರಿಯಾಗಿ ಹಿಡಿ ಪುಟ್ಟಿ. ನನ್ನ ಮುಖಕ್ಕೆ ಬೆಳಕು ಬಿಟ್ರೆ ಪಂಪ್ ಹೊರಗೆ ಬರಲ್ಲ."

ನಟ್ಟಣ್ಣನ ಎರಡೂ ಕೈ ಮೊಣಕೈವರೆಗೆ ಕೂಲಂಟ್ ತೊಟ್ಟಿಯಲ್ಲಿ ಮುಳುಗಿದ್ದವು. ಹಾಲು ಕಲಸಿದ ನೀರಿನಂಥ ದ್ರವ ನಿಂತಲ್ಲೇ ನಿಂತು ಕೊಳೆತು, ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಮೇಲೆ ಎಣ್ಣೆಯ ತೆಳು ಪದರ ಕಟ್ಟಿತ್ತು. ಅದರಲ್ಲಿ ಅಲ್ಯೂಮಿನಿಯಂ ಚೂರುಗಳು ಮಿನುಗುತ್ತಿದ್ದವು.

"ಪತ್ತೇದಾರಿಕೆ ಮಾಡೋರಿಗೆ ಟಾರ್ಚ್ ಹಿಡಿಯೋದೂ ಬರಲ್ವಾ?"

"ಬರುತ್ತೆ. ಎಲ್ಲಿಗೆ ಬಿಡಬೇಕು ಅನ್ನೋದೂ ಬರುತ್ತೆ."

ಅವನು ನಕ್ಕ. ನಾನು ನಗಲಿಲ್ಲ. ಇದೇ ಶೆಡ್ಡಿನಲ್ಲಿ, ಇದೇ ಮಷೀನಿನಿಂದ ಕರೆಂಟು ಹೊಡೆದು ನನ್ನ ಭಾವ ಸತ್ತು ಎರಡು ವಾರವಾಗಿತ್ತು. ಪೊಲೀಸರು ಅಜಾಗರೂಕತೆ ಎಂದು ಬರೆದು ಕೈತೊಳೆದುಕೊಂಡರು, ಅಕ್ಕ ಒಪ್ಪದೆ ನನ್ನನ್ನು ಕರೆಸಿದಳು.

ಭಾವನ ಕಸುಬು ಕನ್ನಡಕದ ಅಂಗಡಿ, ಅಕ್ಕನೂ ಅಲ್ಲೇ ಕೂರುತ್ತಿದ್ದಳು. ಹುಚ್ಚು ಮಾತ್ರ ಈ ಮಷೀನು. ಮೇಜಿನ ಮೇಲೆ ಕೂರುವ ಪುಟ್ಟ ಸಿಎನ್‌ಸಿ ಮಿಲ್ಲು. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಲೋಹವನ್ನೋ ಪ್ಲಾಸ್ಟಿಕನ್ನೋ ಅದೇ ಆಕಾರಕ್ಕೆ ಕೊರೆದುಕೊಡುತ್ತದೆ. ಕೊರೆಯುವ ಜಾಗ ಕಾಯದಂತೆ ಮೇಲಿಂದ ಕೂಲಂಟ್ ಸುರಿಯುತ್ತಿರಬೇಕು. ಅದನ್ನು ತೊಟ್ಟಿಯಿಂದ ಎತ್ತಿಕೊಡುವುದು ಮುಷ್ಟಿಗಾತ್ರದ ಒಂದು ಪಂಪು.

ನಟ್ಟಣ್ಣ ಲಿಫ್ಟ್ ಮೆಕ್ಯಾನಿಕ್. ಭಾವನ ಜೊತೆ ಚಡ್ಡಿ ಹಾಕುತ್ತಿದ್ದ ಕಾಲದಿಂದ ಗೆಳೆಯ. ಭಾವ ಅವನನ್ನು ನಟ್ಟು ಅನ್ನುತ್ತಿದ್ದರು, ಅವನು ಭಾವನನ್ನು ಬೋಲ್ಟು ಅನ್ನುತ್ತಿದ್ದ. ಈ ಮಷೀನನ್ನು ಇಬ್ಬರೂ ಸೇರಿ ಬಿಡಿಬಿಡಿಯಾಗಿ ತಂದು ಜೋಡಿಸಿದ್ದರು. ಚಿತ್ರ, ಅಳತೆ, ಕೊರೆತ ಭಾವನದು. ವೈರಿನ ಕೆಲಸ ಇಬ್ಬರದೂ.

"ಮಷೀನ್ ಕೊಳ್ಳೋರು ಸಂಜೆ ಬರ್ತಾರೆ, ಓಡಿಸಿ ತೋರಿಸಬೇಕು, ಹೊಸ ಪಂಪ್ ಕೂರಿಸಿಕೊಡು" ಅಂತ ನಾನೇ ಅವನನ್ನು ಕರೆದಿದ್ದೆ. ಕೊಳ್ಳುವವರು ಯಾರೂ ಇರಲಿಲ್ಲ. ಸಂಜೆ ಬರಲಿದ್ದವರು ಇನ್ಸ್‌ಪೆಕ್ಟರು. 'ಅವನು ಅವತ್ತು ಅಲ್ಲಿದ್ದ ಅಂತ ತೋರಿಸಿ ಮೇಡಂ ಸಾಕು, ಇವತ್ತೇ ಎತ್ತಾಕ್ಕೊಂಡು ಹೋಗ್ತೀನಿ' ಅಂದಿದ್ದರು.

ಅಲ್ಲಿದ್ದ ಅನ್ನುವುದು ನನಗೆ ಗೊತ್ತಿತ್ತು. ಅವನ ಬಾಯಿಂದ ಬರಬೇಕಿತ್ತು.

ತೊಟ್ಟಿಯ ತಳಕ್ಕೆ ಅಂಟಿಕೊಂಡಿದ್ದ ಪಂಪು ಗುಳುಕ್ ಅಂತ ಕಿತ್ತು ಬಂತು. ನಟ್ಟಣ್ಣ ಹೋಸ್‌ಪೈಪಿನ ಕ್ಲಿಪ್ ಸಡಿಲಿಸಿ ಪೈಪನ್ನು ಎಳೆದು ತೆಗೆದ. ಪಂಪನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದ. ಕೇಬಲ್ಲು ಪಂಪಿನೊಳಕ್ಕೆ ಹೋಗುವ ಕಡೆ ಮೇಲ್ಹೊದಿಕೆ ಬಿಟ್ಟು ತಾಮ್ರ ಕಾಣುತ್ತಿತ್ತು.

"ಸವೆದಿದೆ ಅಂದ್ರಂತೆ ಪೊಲೀಸರ ಕಡೆಯ ಎಲೆಕ್ಟ್ರಿಷಿಯನ್" ಅಂದೆ.

"ನಿನ್ನೆ ಮೊನ್ನೆ ಕೊಂಡ ಪಂಪು, ಒಂದು ದಿನ ಓಡಿಲ್ಲ. ಸವೆಯೋಕೆ ಅದೇನು ಚಪ್ಪಲಿಯಾ?"

"ಒಂದು ದಿನ ಓಡಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ಅವನ ಕೈ ಒಂದು ಕ್ಷಣ ನಿಂತಿತು. "ನೋಡಿದ್ರೆ ಗೊತ್ತಾಗಲ್ವಾ. ಫಿಲ್ಟರಲ್ಲಿ ಒಂದು ಚೂರೂ ಸಿಕ್ಕಿಕೊಂಡಿಲ್ಲ."

ಉತ್ತರ ಸರಿಯಾಗಿಯೇ ಇತ್ತು. ನಾನು ಬಿಟ್ಟೆ.

ಅವನು ಕಂಟ್ರೋಲ್ ಡಬ್ಬಿಯ ಮುಚ್ಚಳ ತೆಗೆದ. ಪಂಪಿನ ಮೂರು ವೈರು ಅಲ್ಲಿಗೆ ಬರುತ್ತವೆ. ಎರಡು ಒಳಗಿನ ಕನೆಕ್ಟರಿಗೆ, ಹಸಿರು ಹಳದಿ ಬಣ್ಣದ ಮೂರನೆಯದು ಹೊರಗೆ ಮಷೀನಿನ ಮೈಗೆ. ಮೂರನೆಯದೇ ಅರ್ತ್. ಮಷೀನು ಕೂತಿದ್ದು ಮರದ ಮೇಜಿನ ಮೇಲೆ, ರಬ್ಬರ್ ಕಾಲುಗಳ ಮೇಲೆ. ಎಲ್ಲಾದರೂ ಕರೆಂಟು ಸೋರಿ ಕೂಲಂಟಿನ ಮೂಲಕ ಮೈಗೆ ಬಂದರೆ ಅದನ್ನು ನೆಲಕ್ಕಿಳಿಸುವುದು ಆ ಒಂದೇ ವೈರು. ಅದು ನೆಟ್ಟಗಿದ್ದಿದ್ದರೆ ಫ್ಯೂಜ್ ಹಾರುತ್ತಿತ್ತು, ಭಾವ ಬೈದುಕೊಂಡು ಹೊಸ ಫ್ಯೂಜ್ ಹಾಕುತ್ತಿದ್ದರು. ಅಷ್ಟರಲ್ಲೇ ಮುಗಿಯುತ್ತಿತ್ತು.

ನಟ್ಟಣ್ಣ ಸ್ಕ್ರೂಡ್ರೈವರ್ ತೆಗೆದುಕೊಳ್ಳಲಿಲ್ಲ. ಮೊದಲು ಥಿನ್ನರ್ ಹಾಕಿದ ಬಟ್ಟೆ ತೆಗೆದುಕೊಂಡ. ಕನೆಕ್ಟರಿನ ಸ್ಕ್ರೂ ತಲೆಗಳನ್ನು ಉಜ್ಜಿದ. ಹೊರಗಿನ ಅರ್ತ್ ಸ್ಕ್ರೂವನ್ನೂ ಉಜ್ಜಿದ. ಎಣ್ಣೆ ಜಿಡ್ಡು ತೆಗೆಯುವವನ ಹಾಗೆ, ಗಡಿಬಿಡಿಯಿಲ್ಲದೆ.

ಇದಕ್ಕೇ ನಾನು ಕಾಯುತ್ತಿದ್ದದ್ದು.

ಲಿಫ್ಟಿನ ಕೆಲಸದವರಿಗೆ ಒಂದು ಅಭ್ಯಾಸವಿದೆ. ಬಿಗಿ ನೋಡಿದ ಪ್ರತಿ ನಟ್ಟಿನ ಮೇಲೂ ಕೆಂಪು ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾರೆ. ನಟ್ಟು ಸಡಿಲವಾದರೆ ಗೆರೆ ಮುರಿಯುತ್ತದೆ, ದೂರದಿಂದಲೇ ಕಾಣುತ್ತದೆ. ನಟ್ಟಣ್ಣ ಊಟದ ಡಬ್ಬಿಗೂ ಗೆರೆ ಎಳೆಯುತ್ತಾನೆ ಅಂತ ಭಾವ ನಗುತ್ತಿದ್ದರು.

ಅವನು ಒಳಗಿನ ಎರಡು ವೈರು ಬಿಚ್ಚಿದ. ಅರ್ತ್ ಕೊನೆಗೆ. ಸ್ಕ್ರೂಡ್ರೈವರನ್ನು ಅರ್ತ್ ಸ್ಕ್ರೂವಿನ ತಲೆಗೆ ಕೂರಿಸಿ ಅರ್ಧ ಸುತ್ತು ತಿರುಗಿಸಿದ. ನಿಂತ. ಇನ್ನರ್ಧ ಸುತ್ತು ತಿರುಗಿಸಿದ. ಮತ್ತೆ ನಿಂತ. ಮುಖದ ಬಣ್ಣ ಇಳಿಯಿತು.

"ಸ್ವಲ್ಪ ನೀರು ಕೊಡು" ಅಂದ.

"ಆಮೇಲೆ ಕೊಡ್ತೀನಿ." ಫೋನ್ ತೆಗೆದು ಅವನ ಮುಖದ ಮುಂದೆ ಹಿಡಿದೆ. "ನಿನ್ನೆ ತೆಗೆದ ಫೋಟೋ. ನೀನು ಉಜ್ಜೋಕೆ ಮುಂಚೆ."

ಮೂರು ಸ್ಕ್ರೂ, ಮೂರು ಕೆಂಪು ಗೆರೆ.

"ತಿಂಗಳಾಯ್ತು ಈ ಕಡೆ ತಲೆ ಹಾಕಿಲ್ಲ ಅಂತ ಪೊಲೀಸರಿಗೂ ಹೇಳಿದೆ, ನನಗೂ ಹೇಳಿದೆ. ಈ ಪಂಪು ಭಾವ ಸಾಯೋ ಹಿಂದಿನ ದಿನ ಕೊಂಡು ತಂದಿದ್ದು. ಗೆರೆ ತಾನೇ ನಡ್ಕೊಂಡು ಬಂತಾ ನಟ್ಟಣ್ಣ?"

ಅವನು ಫೋಟೋ ನೋಡಲೇ ಇಲ್ಲ. ಅರ್ತ್ ಸ್ಕ್ರೂವನ್ನೇ ನೋಡುತ್ತಿದ್ದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನಾನಿನ್ನೂ ಕಳ್ಳ ಅಂತಾನೂ ಅಂದಿರಲಿಲ್ಲ, ನೀನು ಹೆಗಲು ತೊಳೆದೇಬಿಟ್ಟೆ."

"ಇದ್ದೆ" ಅಂದ. "ಅವತ್ತು ಇಲ್ಲೇ ಇದ್ದೆ. ಈಗ ಸಮಾಧಾನ ಆಯ್ತಾ?"

"ಇಲ್ಲ. ಭಾವ ಬಿದ್ದಾಗ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅಂದ್ರೆ ವೈರ್ ಕಟ್ಟಿದ್ದು ಭಾವ. ಒಬ್ಬ ಕಟ್ಟಿದ್ದನ್ನ ಇನ್ನೊಬ್ಬ ಎಳೆದು ನೋಡ್ಬೇಕು ಅನ್ನೋದು ನಿಮ್ಮಿಬ್ಬರ ಕಟ್ಟಳೆ. ನೀನು ಎಳೆದು ನೋಡಿದೆ, ಗೆರೆ ಹಾಕಿದೆ, ಆಮೇಲೆ ಹೋಗಿ ಮೇನ್ ಹಾಕಿದೆ. ಭಾವ ಇನ್ನೂ ಕೈ ತೆಗೆದಿಲ್ಲ ಅಂತ ಗೊತ್ತಿದ್ದೇ ಹಾಕಿದೆ."

ಶೆಡ್ಡಿಗೆ ಕರೆಂಟು ಕೊಡುವ ಮೇನ್ ಸ್ವಿಚ್ ಇರುವುದು ಮನೆಯ ಹಿಂಗೋಡೆಯಲ್ಲಿ, ಅಡುಗೆಮನೆ ಕಿಟಕಿಯ ಪಕ್ಕ. ಶೆಡ್ಡಿನ ಬಾಗಿಲಲ್ಲಿ ನಿಂತರೆ ಕಾಣುತ್ತದೆ. ಪಂಪಿನ ಸ್ವಿಚ್ ಹಾಕಿಟ್ಟಿದ್ದರೆ, ಮೇನ್ ಬಿದ್ದ ಕೂಡಲೇ ಪಂಪು ಓಡುತ್ತದೆ.

"ಪುಟ್ಟಿ, ಚಿಕ್ಕವಳಿದ್ದಾಗ ಬಾಗಿಲ ಸಂದಿಯಲ್ಲಿ ನಿಂತು ನೋಡ್ತಿದ್ದೆ ನೀನು. ಅರ್ಧ ನೋಡಿದ್ದೀಯ." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಇಷ್ಟವಾಗಲಿಲ್ಲ. "ಮೇನ್ ಹಾಕೋದು ಎಳೆದು ನೋಡಿದವನಲ್ಲ. ಕಟ್ಟಿದವನು. ಎಳೆದು ನೋಡಿದವನು ಇಲ್ಲೇ ನಿಲ್ಲಬೇಕು. ಮಷೀನಿನ ಮೈ ಮೇಲೆ ಅಂಗೈ ಇಟ್ಟು. ಪಂಪು ಶುರುವಾದ್ರೆ ಕೈಗೆ ನಡುಕ ಗೊತ್ತಾಗುತ್ತೆ, 'ಬಂತು' ಅಂತ ಕೂಗಬೇಕು."

"ಬರಿಗೈ?"

"ಬರಿಗೈ. ನೀನು ಕಟ್ಟಿದ್ದನ್ನ ನಾನು ನಂಬಿದ್ದೀನಿ ಅಂತ. ಬೋಲ್ಟು ಮಾಡಿದ ಕಟ್ಟಳೆ ಅದು. ಹುಡುಗಾಟ. ಇಷ್ಟು ವರ್ಷ ಹಾಗೇ ಮಾಡಿದ್ದೀವಿ."

"ಕಥೆ ಚೆನ್ನಾಗಿದೆ."

"ಟಾರ್ಚ್ ಇಲ್ಲಿಗೆ ಬಿಡು."

ಅರ್ತ್ ಸ್ಕ್ರೂವನ್ನು ಪೂರ್ತಿ ಬಿಚ್ಚಿ ನನ್ನ ಅಂಗೈಗೆ ಹಾಕಿದ. ಸುರುಳಿಯ ಸಂದಿಗಳಲ್ಲಿ ಬಿಳಿ ಪುಡಿ ಅಂಟಿತ್ತು. ಕಬ್ಬಿಣದ ತೂತಿನಿಂದ ಬಂದ ಸ್ಕ್ರೂವಿನಲ್ಲಿ ಪ್ಲಾಸ್ಟಿಕ್ ಪುಡಿ ಇರುವುದಿಲ್ಲ.

ಅವನು ಬ್ಲೇಡಿನ ತುದಿಯಿಂದ ತೂತಿನ ಸುತ್ತ ಗೀರಿದ. ಬೂದು ಬಣ್ಣ ಎದ್ದಿತು. ಕೆಳಗೆ ಬಿಳಿ. ಇನ್ನಷ್ಟು ಗೀರಿದ. ಹೆಬ್ಬೆರಳಿನಷ್ಟು ಅಗಲದ ಒಂದು ಚೌಕ ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಮಷೀನಿನ ಮೈಗೆ ಅಂಟಿಸಿ, ಮಷೀನಿನದೇ ಬಣ್ಣ ಬಳಿದಿತ್ತು. ಸ್ಕ್ರೂ ಆ ಬಿಲ್ಲೆಯೊಳಗೇ ಮುಗಿಯುತ್ತಿತ್ತು. ಕಬ್ಬಿಣವನ್ನು ಮುಟ್ಟುತ್ತಲೇ ಇರಲಿಲ್ಲ.

"ಮೊದಲಿನ ಜಾಗ ಇಲ್ಲಿತ್ತು." ನಾಲ್ಕು ಬೆರಳು ಆಚೆ ಉಗುರಿನಿಂದ ಕೆರೆದ. ಹೊಸ ಬಣ್ಣದ ಪೊರೆ ಸುಲಿದು ಬಂತು. ಅಡಿಯಲ್ಲಿ ಬರಿಗಬ್ಬಿಣ, ಮೇಣ ತುಂಬಿದ ಹಳೆಯ ತೂತು. "ಬಣ್ಣ ಕೆರೆದು ಅರ್ತ್ ಕೊಟ್ಟಿದ್ದು ನಾನೇ, ಮಷೀನ್ ಜೋಡಿಸಿದ ವರ್ಷ."

"ಹಾಗಾದ್ರೆ ಈ ಬಿಲ್ಲೇನೂ ನೀನೇ ಅಂಟಿಸಿರಬಹುದು."

ಅವನು ಬ್ಲೇಡನ್ನು ಬಿಲ್ಲೆಯ ಅಡಿಗೆ ತೂರಿಸಿ ಮೀಟಿದ. ಅದು ಚಟ್ಟನೆ ಕಳಚಿ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಂಡೆ.

ಎತ್ತಿಕೊಳ್ಳಬಾರದಿತ್ತು ಅನ್ನಿಸಿತು. ಅಂಚು ಕನ್ನಡಿಯಷ್ಟು ನುಣುಪು. ನಾಲ್ಕೂ ಮೂಲೆ ಒಂದೇ ಅಳತೆಗೆ ದುಂಡಗೆ. ಹಿಂಬದಿಯಲ್ಲಿ ಕೊರೆಯುವ ಮೊನೆ ಸುತ್ತಿ ಸುತ್ತಿ ಬಂದ ಸಣ್ಣ ಗೆರೆಗಳು. ಕೈಗರಗಸದಲ್ಲಿ ಇದು ಬರುವುದಿಲ್ಲ. ಇದನ್ನು ಕೊರೆದದ್ದು ಇದೇ ಮಷೀನು. ಮತ್ತು ಈ ಮಷೀನಿಗೆ ಚಿತ್ರ ಬರೆದು ಕೊಡಲು ಬರುತ್ತಿದ್ದುದು ಒಬ್ಬರಿಗೇ. ಪ್ರತಿ ಮೂಲೆಯನ್ನೂ ದುಂಡಗೆ ಮಾಡದೆ ಬಿಡದ ಮನುಷ್ಯ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು. ನನ್ನ ಮೊದಲ ಕನ್ನಡಕದ ಮೂಗಿನ ಹಿಡಿಯನ್ನು ಚುಚ್ಚದ ಹಾಗೆ ತಾವೇ ತೀಡಿಕೊಟ್ಟವರು.

"ನನಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ ಅಂತ ನಿನಗೆ ಗೊತ್ತು" ಅಂದ ನಟ್ಟಣ್ಣ.

ಗೊತ್ತಿತ್ತು.

"ಎಳೆದೆ. ಗಟ್ಟಿಯಾಗೇ ಇತ್ತು. ಗೆರೆ ಹಾಕಿದೆ. ಕೆಳಗೆ ನೋಡಲಿಲ್ಲ. ಬೋಲ್ಟು ಕಟ್ಟಿದ್ದರ ಕೆಳಗೆ ಯಾಕೆ ನೋಡಲಿ?" ಬ್ಲೇಡನ್ನು ಮೇಜಿನ ಮೇಲಿಟ್ಟ. "ನಾನು ಎಳೀತೀನಿ ಅಂತ ಅವನಿಗೆ ಗೊತ್ತು. ನೋಡಲ್ಲ ಅಂತಾನೂ ಗೊತ್ತು. ಕೇಬಲ್ ಸುಲಿದಿದ್ದೂ ಅವನೇ ಇರಬೇಕು. ಈಗ ಸ್ಕ್ರೂ ತಿರುಗಿಸಿದಾಗ ಕೈಗೆ ಗೊತ್ತಾಯ್ತು ನೋಡು, ಅಲ್ಲಿಯವರೆಗೂ ನಾನು ಏನೋ ಆಕಸ್ಮಿಕ ಅಂತಲೇ ಅಂದ್ಕೊಂಡಿದ್ದೆ. ಅಂಗೈ ಇಡಬೇಕಾಗಿದ್ದವನು ನಾನು ಪುಟ್ಟಿ."

ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುವ ಮಾತನ್ನು ನಾನು ಕಕ್ಷಿದಾರರಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ಮಾತಿನಿಂದ ಯಾರಿಗೂ ಸಮಾಧಾನ ಆಗಿದ್ದು ನಾನು ಕಂಡಿಲ್ಲ.

"ಯಾಕೆ?" ಅಂದೆ. "ಭಾವ ನಿನ್ನನ್ನ ಯಾಕೆ?"

ಅವನು ಬಾಗಿಲಾಚೆ ಮನೆಯ ಕಡೆ ಒಮ್ಮೆ ನೋಡಿದ. ಹೊಸ ಪಂಪನ್ನು ಡಬ್ಬಿಯಿಂದ ತೆಗೆದು ಕೇಬಲ್ಲನ್ನು ಬೆರಳಲ್ಲಿ ಉದ್ದಕ್ಕೂ ತಡವಿ ನೋಡಿದ.

"ಏನು ಮಾಡ್ತಿದ್ದೀಯ?"

"ಕೆಲಸ ಅರ್ಧಕ್ಕೆ ಬಿಡಬಾರದು. ನೀನು ಕೇಳ್ತಿರು. ಕೈಗೆ ಕೆಲಸ ಇದ್ರೆ ನನಗೆ ಮಾತು ಬರುತ್ತೆ."

ಹಳೆಯ ಜಾಗದ ಮೇಣವನ್ನು ಮೊಳೆಯಿಂದ ತೆಗೆದ. ಕಬ್ಬಿಣವನ್ನು ಹೊಳೆಯುವವರೆಗೆ ಉಪ್ಪುಕಾಗದದಿಂದ ತಿಕ್ಕಿದ. ಹಲ್ಲಿರುವ ವಾಷರ್ ಕೂರಿಸಿ, ಅರ್ತ್ ವೈರಿನ ತಾಮ್ರದ ಉಂಗುರವನ್ನು ಅದರ ಮೇಲಿಟ್ಟು ಬಿಗಿದ. ಅದಾದ ಮೇಲೆಯೇ ಉಳಿದ ಎರಡು ವೈರುಗಳ ತುದಿ ಸುಲಿದ. ಅರ್ತ್ ವೈರನ್ನು ಉಳಿದವಕ್ಕಿಂತ ಒಂದಿಷ್ಟು ಉದ್ದ ಬಿಟ್ಟಿದ್ದ. ಯಾರಾದರೂ ಎಡವಿ ಕೇಬಲ್ ಎಳೆದರೆ ಕೊನೆಗೆ ಕಿತ್ತು ಬರುವುದು ಅದಾಗಿರಬೇಕು.

"ಅವತ್ತು ಪಂಪಿನ ಸ್ವಿಚ್ ಹಾಕಿಟ್ಟಿದ್ದೆ. ಅಂಗೈ ಇಟ್ಟಾಗಿತ್ತು. ಬೋಲ್ಟು ಮೇನ್ ಹಾಕೋಕೆ ಬಾಗಿಲ ಕಡೆ ಹೊರಟ. ಅಷ್ಟರಲ್ಲಿ ನನಗೆ ಫೋನ್ ಬಂತು. ಎದ್ದು ಗೇಟಿಗೆ ಹೋದೆ. ಗೇಟಲ್ಲಿ ಯಾರೂ ಇರಲಿಲ್ಲ. ವಾಪಸ್ ಬರೋವಾಗ ಪಂಪು ಓಡೋ ಸದ್ದು ಕೇಳಿಸ್ತು. ಬಂದು ನೋಡಿದ್ರೆ ಅವನು ಇಲ್ಲಿ ಬಿದ್ದಿದ್ದ. ಸ್ಕ್ರೂಡ್ರೈವರ್ ಹಿಡ್ಕೊಂಡು."

"ಅರ್ತ್ ಸ್ಕ್ರೂ ಹತ್ರ."

"ಹೂಂ."

"ಬಿಚ್ಚೋಕೆ ಹೋಗಿದ್ರು. ತಪ್ಪು ಅನ್ನಿಸಿ, ಸರಿ ಮಾಡೋಕೆ ಹೋಗಿದ್ರು."

"ಇರಬಹುದು" ಅಂದ ನಟ್ಟಣ್ಣ. "ನಾನು ಕೈಗೆ ಸಿಗದೆ ಹೋದೆ ಅಂತ ಗುರುತು ಅಳಿಸೋಕೆ ಹೋಗಿದ್ರೂ ಇರಬಹುದು."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲು ನನ್ನ ಹತ್ತಿರ ಕಾರಣವಿರಲಿಲ್ಲ.

"ಓಡಿಹೋಗಿ ಮೇನ್ ಆರಿಸಿದೆ" ಅಂದ. "ವಾಪಸ್ ಬಂದು ಮೂಗಿನ ಹತ್ರ ಕೈ ಇಟ್ಟೆ. ಉಸಿರಿರಲಿಲ್ಲ. ಹೆದರಿ ಹೋದೆ. ಹಿಂದಿನ ಕಾಂಪೌಂಡ್ ಹಾರಿ ಓಡಿದೆ. ಅಷ್ಟೇ ನನ್ನ ಗಂಡಸ್ತನ."

"ಸುಳ್ಳ. ಮೇನ್ ಆರಿಸಿದ್ದು ಅಕ್ಕ. ಅಂಗಡಿಯಿಂದ ಬಂದಾಗ ಪಂಪು ಇನ್ನೂ ಓಡ್ತಿತ್ತು, ಮೇನ್ ಆರಿಸಿ ಆಮೇಲೆ ಮುಟ್ಟಿದೆ ಅಂತ ಪೊಲೀಸರಿಗೆ ಬರೆದುಕೊಟ್ಟಿದ್ದಾಳೆ."

ನಟ್ಟಣ್ಣ ತಲೆಯೆತ್ತಿದ. ಮೊದಲ ಸಲ ನನ್ನನ್ನು ನೇರವಾಗಿ ನೋಡಿದ.

"ಹಾಗಂದಳಾ?"

"ಹಾಗೇ ಅಂದಳು."

"ಆರಿಸಿದ್ದನ್ನ ಮತ್ತೆ ಆರಿಸೋಕಾಗುತ್ತಾ ಪುಟ್ಟಿ?"

ನಾನು ಅಕ್ಕನ ಪರವಾಗಿ ಒಂದು ಉತ್ತರ ಹುಡುಕಿದೆ. ಗಾಬರಿಯಲ್ಲಿದ್ದಳು. ನೆನಪು ತಪ್ಪಿರಬಹುದು. ಬೇರೆಯವರ ಮನೆಯ ಹೆಂಗಸು ಹೀಗೆ ಹೇಳಿದ್ದರೆ ನಾನು ಇಷ್ಟು ಹುಡುಕುತ್ತಿರಲಿಲ್ಲ.

ಅವನು ಕೊನೆಯ ಸ್ಕ್ರೂ ಬಿಗಿದು ಕೈ ಹಿಂದಕ್ಕೆ ತೆಗೆದ. "ಎಳೆದು ನೋಡು."

ಒಂದೊಂದಾಗಿ ಎಳೆದೆ. ಗಟ್ಟಿ. ಆಮೇಲೆ ಟಾರ್ಚ್ ಬಿಟ್ಟು ಪ್ರತಿಯೊಂದರ ಕೆಳಗೂ ನೋಡಿದೆ. ಮೀಟರಿನ ಒಂದು ಮೊನೆಯನ್ನು ಮಷೀನಿನ ಮೈಗೂ ಇನ್ನೊಂದನ್ನು ಅರ್ತಿಗೂ ಇಟ್ಟೆ. ಸಂಪರ್ಕ ಸರಿಯಿದೆ ಅಂತ ಮೀಟರು ಕೂಗಿತು. ನಟ್ಟಣ್ಣ ಇದಾವುದನ್ನೂ ಅವಮಾನ ಅಂದುಕೊಳ್ಳಲಿಲ್ಲ.

"ಫೋನ್ ಯಾರದು?"

"ಬೇಡ ಪುಟ್ಟಿ."

"ಇನ್ಸ್‌ಪೆಕ್ಟರ್ ದಾರಿಯಲ್ಲಿದ್ದಾರೆ. ಮಷೀನ್ ಕೊಳ್ಳೋಕೆ ಯಾರೂ ಬರ್ತಿಲ್ಲ. ಬರ್ತಿರೋದು ನಿನ್ನನ್ನ ಕರ್ಕೊಂಡು ಹೋಗೋಕೆ."

ಅವನಿಗೆ ಆಶ್ಚರ್ಯವಾಗಲಿಲ್ಲ. ಬಟ್ಟೆಯಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡ. "ಪಂಪ್ ಕಟ್ಟೋಕೆ ಕರೆದು ಇದಕ್ಕಾ. ಒಳ್ಳೇದು. ಈ ಶೆಡ್ಡಿಗೆ ಬಂದವರೆಲ್ಲ ಒಂದೇ ಪಾಠ ಕಲಿತಿದ್ದೀರ."

"ಫೋನ್ ಯಾರದು ನಟ್ಟಣ್ಣ?"

"ನಿಮ್ಮಕ್ಕಂದು."

ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು.

"ಏನಂದಳು?"

"'ಮಷೀನಿನಿಂದ ಕೈ ತೆಗಿ, ಎದ್ದು ಗೇಟಿಗೆ ಹೋಗು' ಅಂದಳು. ಅಷ್ಟೇ. ಇಟ್ಟಳು. ಓಡಿಹೋದ ಮೇಲೆ ಅವಳ ಫೋನ್ ನಾನು ಎತ್ತಿಲ್ಲ."

ಕೈ ತೆಗಿ ಅಂದಳು. ಕೈ ಎಲ್ಲಿದೆ ಅಂತ ಅಂಗಡಿಯಲ್ಲಿ ಕೂತವಳಿಗೆ ಕಾಣುವುದಿಲ್ಲ. ನಾನು ಶೆಡ್ಡಿನ ಬಾಗಿಲಿಗೆ ಬಂದು ನಿಂತೆ. ಎದುರಿಗೆ ಅಡುಗೆಮನೆಯ ಕಿಟಕಿ. ಅದರ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮೇನ್ ಸ್ವಿಚ್ಚು.

ಮನೆಯ ಪಕ್ಕದ ಓಣಿಯಿಂದ ಅಕ್ಕ ಬರುತ್ತಿದ್ದಳು. ಇನ್ಸ್‌ಪೆಕ್ಟರು ಇನ್ನೂ ಗೇಟಿನಲ್ಲೇ ನಿಂತು ಯಾರ ಹತ್ತಿರವೋ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕನ ಕಣ್ಣು ಊದಿತ್ತು, ಸೆರಗು ನೆಟ್ಟಗಿತ್ತು. ನನ್ನ ತೋಳು ಹಿಡಿದಳು.

"ಒಪ್ಪಿಕೊಂಡನಾ?" ಅಂದಳು ಮೆಲ್ಲಗೆ.

ಆ ಬಿಲ್ಲೆ ನನ್ನ ಮುಷ್ಟಿಯಲ್ಲಿತ್ತು. ಅದರ ಮೂಲೆಗಳು ಅಂಗೈಗೆ ಚುಚ್ಚುತ್ತಲೇ ಇರಲಿಲ್ಲ.

"ಅಕ್ಕಾ, ಅವತ್ತು ನಟ್ಟಣ್ಣಂಗೆ ಫೋನ್ ಮಾಡಿದ್ಯಾ?"

ಅವಳ ಕೈ ನನ್ನ ತೋಳಿನ ಮೇಲೆ ಹಾಗೆಯೇ ಇತ್ತು. ಬಿಗಿಯಾಗಲೂ ಇಲ್ಲ, ಸಡಿಲವಾಗಲೂ ಇಲ್ಲ. ಅವಳು ನನ್ನನ್ನು ನೋಡಲಿಲ್ಲ. ನನ್ನ ಭುಜದ ಮೇಲಿಂದ ಶೆಡ್ಡಿನೊಳಕ್ಕೆ, ಸ್ಟೂಲಿನ ಮೇಲೆ ಕೂತಿದ್ದ ನಟ್ಟಣ್ಣನನ್ನು ನೋಡಿದಳು.

"ಇಷ್ಟೇ ಹೇಳಿದ್ಯಾ" ಅಂದಳು ಅವನಿಗೆ, "ಇಲ್ಲ, ನಮ್ಮಿಬ್ಬರ ವಿಷಯಾನೂ ಪೂರ್ತಿ ಹೇಳಿಬಿಟ್ಯಾ?"